‘ಡಿಸಪಾಯಿಂಟ್ ಆಗಬೇಡಿ’ – ಕನ್ನಡದಲ್ಲಿ ಏನು? (ಬೋರ್ಡಿಗೆ, ಸ್ವಲ್ಪ ಅರ್ಜೆಂಟ್)

ಮಡಿಕೇರಿ:
ನಮ್ಮ ಹೋಂಸ್ಟೇ ಹಿಂದೆ ಕಣಿವೆ ನೋಡುವ ಜಾಗ ಇದೆ. ಮಳೆಗಾಲದಲ್ಲಿ ಮಂಜು ಬಿಟ್ಟರೆ ಏನೂ ಕಾಣಲ್ಲ, ಬಂದವರ ಮುಖ ಸಪ್ಪಗಾಗುತ್ತದೆ. ‘ಮಂಜಿದ್ದರೆ ಡಿಸಪಾಯಿಂಟ್ ಆಗಬೇಡಿ, ಸ್ವಲ್ಪ ಕಾಯಿರಿ’ ಅಂತ ಬೋರ್ಡ್ ಬೇಕು. ‘ನಿರಾಶರಾಗಬೇಡಿ’ ಸರಿಯಾ? ಪೇಂಟರ್ ಸಂಜೆ ಬರುತ್ತಾನೆ.

ಸೋಮವಾರಪೇಟೆ:
ಬೇಡ. ಆಸೆಯೇ ಬತ್ತಿಹೋದವರಿಗೆ ಹೇಳುವ ಮಾತು ಅದು. ಮಂಜಿಗೆ ಅಷ್ಟು ತೂಕ ಯಾಕೆ? ‘ಹತಾಶೆ’ ಇನ್ನೂ ಜಾಸ್ತಿಯಾಯಿತು, ಅದನ್ನು ಪತ್ರಿಕೆಯವರಿಗೆ ಬಿಡಿ.

ಇಂಗ್ಲಿಷ್ ಪದ ಹಳೆಯ ಫ್ರೆಂಚಿನಿಂದ ಬಂದದ್ದು. ಮೊದಲಿನ ಅರ್ಥ ಹುದ್ದೆಯಿಂದ ಕಿತ್ತುಹಾಕುವುದು! ಕೈಗೆ ಬಂದದ್ದು ತಪ್ಪಿತು ಅನ್ನುವ ಭಾವ ಅದರಲ್ಲಿ ಈಗಲೂ ಇದೆ. ನಾವು ಅದನ್ನು ಒಂದೇ ಪದಕ್ಕೆ ಕಟ್ಟಿಹಾಕಿಲ್ಲ. ಮಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಪ್ಪ ‘ನೀನು ನನ್ನನ್ನು ನಿರಾಶೆಗೊಳಿಸಿದೆ’ ಅಂತಾನಾ? ಡಬ್ಬಿಂಗ್ ಸಿನಿಮಾದಲ್ಲಿ ಅಂದಾನು. ಮನೆಯಲ್ಲಾದರೆ ‘ನೀನು ಹೀಗೆ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ’ ಅಂತಾನೆ, ಅಲ್ವಾ? ನಿಮ್ಮ ಬೋರ್ಡಿಗೆ ‘ಬೇಸರ ಬೇಡ’ ಸಾಕು.

ಪೊನ್ನಂಪೇಟೆ:
ಬೋರಾದರೂ ಬೇಸರ, ದುಃಖಕ್ಕೂ ಬೇಸರ. ಓದಿದವರು ಯಾವುದು ಅಂತ ತಿಳಿಯಬೇಕು? ಮೇಲಾಗಿ ಅದು ಪಾರಸಿಯ ಬೇಜಾರಿನ ಇನ್ನೊಂದು ರೂಪ. ಅಚ್ಚಗನ್ನಡದ್ದು ಹೇಳಿ.

ಸೋಮವಾರಪೇಟೆ:
ತಪ್ಪು. ಬೇಜಾರು ಪಾರಸಿ, ಬೇಸರ ನಮ್ಮದೇ. ತೆಲುಗಿನ ‘ವೇಸರು’ ನೋಡಿ. ನಮ್ಮ ಬೇರು ಅಲ್ಲಿ ವೇರು ಆದ ಹಾಗೆ. ಸುಮ್ನೆ ಸದ್ದು ಒಂದೇ ಥರ ಇದೆ ಅಂತ ಗಂಟು ಹಾಕಬೇಡಿ. ಎದುರಿಗೇ ಮಂಜು ಇರುವಾಗ ಯಾವ ಬೇಸರ ಅಂತ ಮಕ್ಕಳಿಗೂ ತಿಳಿಯುತ್ತದೆ.

ಇನ್ನು, ಪಾರಸಿ ಅಂದರೆ ಮೈಲಿಗೆಯಾ? ಬಾಣೆ ಜಮೀನಿಗೆ ಅರ್ಜಿ ಹಿಡಿದು ತಹಸೀಲ್ದಾರರ ಮುಂದೆ ನಿಲ್ಲುತ್ತೀರಲ್ಲ, ಜಮೀನು, ಅರ್ಜಿ, ತಹಸೀಲ್ದಾರ ಮೂರೂ ಬಂದದ್ದು ಅದೇ ದಾರಿಯಲ್ಲಿ.

ಪೊನ್ನಂಪೇಟೆ:
ಜಮೀನಿಗೆ ‘ನೆಲ’ ಇದೆ. ಬಳಸುವವರಿಗೆ ಮನಸ್ಸಿಲ್ಲ, ಅಷ್ಟೇ. ಹೀಗೇ ಬಿಟ್ಟು ಬಿಟ್ಟು ಈಗ ಡಿಸಪಾಯಿಂಟ್‌ವರೆಗೆ ಬಂದಿದ್ದೇವೆ.

ಸೋಮವಾರಪೇಟೆ:
ಪಹಣಿಯಲ್ಲಿ ‘ನೆಲ’ ಅಂತ ಬರೆಸಿಕೊಂಡು ಬನ್ನಿ. ಆಮೇಲೆ ಮಾತಾಡೋಣ.

ಮಡಿಕೇರಿ:
ಪೇಂಟರ್ ಬಂದ. ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಕೇಳಿದ. ‘ಮಂಜೇ? ಬೇಸರ ಬೇಡ. ಕಾಯಿರಿ’ ಅಂತ ಬರೆಸಿದ್ದೇನೆ. ನೀವು ಮುಂದುವರಿಸಿ.