ಸಹಾಯ ಬೇಕು: ಸೆನೆಕಾ ಲೇಕಲ್ಲಿ ಲೇಕ್ ಟ್ರೌಟ್ ಕಾಣುತ್ತೆ, ಕಚ್ಚಲ್ಲ

ನಮಸ್ಕಾರ ಎಲ್ರಿಗೂ, ನ್ಯೂಯಾರ್ಕ್ ರಾಜ್ಯದ ಕಡೆ ಮೀನು ಹಿಡಿಯೋ ಕನ್ನಡದವ್ರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಮೈಸೂರಲ್ಲಿ ಇಂಜಿನಿಯರಿಂಗ್ ಓದುವಾಗಿಂದ ಜೊತೆಗಿರೋ ನಾವು ಗೆಳೆಯರು ಈ ಸಲ ಸೆನೆಕಾ ಲೇಕ್ ದಡದ ಜಿನೀವಾ ಊರಲ್ಲಿ ಮೇ ಕೊನೇಲಿ ಮೆಮೋರಿಯಲ್ ಡೇ ವೀಕೆಂಡಿಗೆ ನಡೆಯೋ ಲೇಕ್ ಟ್ರೌಟ್ ಡರ್ಬಿಗೆ (ಮೀನು ಹಿಡಿಯೋ ಸ್ಪರ್ಧೆಗೆ) ಹೆಸರು ಕೊಟ್ಟಿದೀವಿ. ಸೆನೆಕಾ 600 ಅಡಿಗಿಂತ ಆಳ, ಈ ಮೀನಿಗೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಣ್ಣೀರೇ ಬೇಕು ಅಂತ ಗೊತ್ತು, ಅದಕ್ಕೇ ಡೌನ್‌ರಿಗ್ಗರಲ್ಲಿ (ಭಾರ ಕಟ್ಟಿ ದಾರಾನ ಆಳಕ್ಕೆ ಇಳಿಸೋ ಸಾಧನ) ಸ್ಪೂನ್ (ಹೊಳೆಯೋ ಲೋಹದ ಹುಸಿ ಮೀನು) ಇಳಿಸಿ, ಬೋಟ್ ಓಡಿಸ್ತಾ ಅದನ್ನ ಎಳೆಯೋ ಟ್ರೋಲಿಂಗ್ ಮಾಡಿದ್ವಿ, ಬಣ್ಣ ಬದಲಾಯಿಸಿದ್ವಿ, ಸ್ಪೀಡ್ ಕಮ್ಮಿ ಮಾಡಿದ್ವಿ, ಬೆಳಗಿನ ಜಾವಾನೂ ಹೋಗಿ ನೋಡಿದ್ವಿ. ಫಿಶ್ ಫೈಂಡರಲ್ಲಿ 100 ಅಡಿ ಹತ್ರ ತಳಕ್ಕೆ ಅಂಟ್ಕೊಂಡಂಗೆ ಮೀನು ಕಾಣುತ್ತೆ, ಸ್ಪೂನ್ ಹಿಂದೆ ಬರುತ್ತೆ, ಆಮೇಲೆ ವಾಪಸ್ ಹೋಗುತ್ತೆ ಅಷ್ಟೇ. ಒಬ್ಬ ಹೇಳ್ತಾನೆ ಬೋಟ್ ನಿಲ್ಸಿ ನೇರ ಕೆಳಗೆ ಜಿಗ್ (ಮೇಲೆ ಕೆಳಗೆ ಕುಣಿಸೋ ಭಾರದ ಹುಸಿ ಮೀನು) ಬಿಡೋಣ ಅಂತ, ಇನ್ನೊಬ್ಬ ಡೌನ್‌ರಿಗ್ಗರಿಗೆ ಅಷ್ಟು ದುಡ್ಡು ಸುರಿದಿದೀನಿ ನಾನಂತೂ ಬಿಡಲ್ಲ ಅಂತಾನೆ, ಮೀನಿಗಿಂತ ಜಗಳಾನೇ ಜಾಸ್ತಿ ಸಿಗ್ತಿದೆ ನಮ್ಗೆ.

ನಂಗೆ ಗೊತ್ತಾಗ್ಬೇಕಿರೋದು ಇಷ್ಟೇ: ಮೇ ಕೊನೇಲಿ ಹಿಂಗೆ ತಳದಲ್ಲಿ ಕೂತಿರೋ ಮೀನಿಗೆ ಜಿಗ್ಗಿಂಗ್ ವಾಸಿನಾ, ಇಲ್ಲ ಟ್ರೋಲಿಂಗೇ ಮುಂದುವರಿಸೋದಾದ್ರೆ ಸ್ಪೂನು ತಳದಿಂದ ಎಷ್ಟು ಅಡಿ ಮೇಲಿರ್ಬೇಕು?