ಅಮ್ಮ ಊರಲ್ಲಿ ಒಬ್ಬಳೇ ಇದ್ದಾಳೆ, ರಾತ್ರಿ ಬಿದ್ದಿದ್ದಾಳೆ. ಮನೆ ಬಿಟ್ಟು ಬರಲ್ಲ ಅಂತಾಳೆ. ಏನೇನು ಮಾಡಬಹುದು?

ಮಲೆನಾಡ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಅಮ್ಮನಿಗೆ ಈಗ 76. ಸಾಗರದ ಹತ್ತಿರ ಹಳ್ಳಿಯಲ್ಲಿ ನಮ್ಮ ಹಳೇ ಮನೆ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು, ಆಗಿನಿಂದ ಒಬ್ಬಳೇ. ನಾನು ಬೆಂಗಳೂರಲ್ಲಿ, ಅಣ್ಣ ಪುಣೆಯಲ್ಲಿ. ಅಡುಗೆ, ಪೂಜೆ, ಹೂವಿನ ಗಿಡ ಎಲ್ಲಾ ಅವಳೇ ನೋಡಿಕೊಳ್ಳುತ್ತಾಳೆ. ವಾರಕ್ಕೆರಡು ಸಲ ಒಬ್ಬರು ಬಂದು ಅಂಗಳ ಗುಡಿಸಿ ಹೋಗುತ್ತಾರೆ, ಅಷ್ಟೇ.

ಕಳೆದ ತಿಂಗಳು ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಲು ಎದ್ದವಳು ಹೊಸ್ತಿಲು ಎಡವಿ ಬಿದ್ದಳು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ. ಸೊಂಟದ ಪಕ್ಕ ಅಂಗೈಯಗಲ ಕಪ್ಪಾಗಿತ್ತು. ಆದರೆ ನನ್ನ ನಿದ್ದೆ ಕೆಡಿಸಿದ್ದು ಬಿದ್ದದ್ದಕ್ಕಿಂತ ಆಮೇಲಿನ ಕತೆ. ಏಳೋಕೆ ಆಗದೆ ಬೆಳಿಗ್ಗೆ ಐದೂವರೆವರೆಗೂ ಆ ತಣ್ಣನೆ ನೆಲದ ಮೇಲೆ ಸೆರಗು ಹೊದ್ದು ಮಲಗಿದ್ದಳಂತೆ. ಮೊಬೈಲು ದೇವರ ಕೋಣೆಯ ಗೂಡಿನಲ್ಲಿ ಚಾರ್ಜಿಗೆ ಇತ್ತು. ಪಕ್ಕದ ಮನೆಯವರು ಡೈರಿಗೆ ಹಾಲು ಒಯ್ಯುವಾಗ ಕೂಗು ಕೇಳಿ ಓಡಿ ಬಂದರು. ನನಗೆ ಗೊತ್ತಾಗಿದ್ದು ಮೂರು ದಿನ ಬಿಟ್ಟು, ಅದೂ ಅವರಿಂದ. ಯಾಕಮ್ಮ ಹೇಳಲಿಲ್ಲ ಅಂದರೆ, ಹೇಳಿದರೆ ಕರಕೊಂಡು ಹೋಗ್ತೀರಿ ಅಂದಳು.

ಅಣ್ಣ ಈಗ ಮನೆಗೆ ಬೀಗ ಹಾಕೋಣ ಅಂತಾನೆ. ಅವನಿಗೂ ಭಯ, ಅವನ ತಪ್ಪಲ್ಲ. ಅಮ್ಮ ಮಾತ್ರ ಒಪ್ಪುತ್ತಿಲ್ಲ. ನನಗೂ ಅವಳನ್ನು ಕಿತ್ತು ತಂದು ಫ್ಲಾಟಿನಲ್ಲಿ ಕೂರಿಸಲು ಮನಸ್ಸಿಲ್ಲ. ಬಿಪಿಗೆ ಎರಡು ಮಾತ್ರೆ, ಅದರಲ್ಲಿ ಒಂದು ನೀರು ಹೋಗಿಸುವ ಮಾತ್ರೆ. ಶುಗರಿಗೆ ಮೆಟ್‌ಫಾರ್ಮಿನ್. ಅಪ್ಪ ಹೋದಮೇಲೆ ಆಗಾಗ ನಿದ್ದೆ ಮಾತ್ರೆ ಕೂಡ. ಕೆಂಪು ಗಾರೆ ನೆಲ, ಎತ್ತರದ ಹೊಸ್ತಿಲುಗಳು, ಬಚ್ಚಲು ಮನೆ ಹಿಂದುಗಡೆ. ಇಂಥ ಮನೆಯಲ್ಲಿ ಅವಳು ಇನ್ನೊಂದು ಐದಾರು ವರ್ಷ ಧೈರ್ಯವಾಗಿ ಇರೋ ಹಾಗೆ ಮಾಡಬಹುದಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.


ಧಾರವಾಡದ ಫಿಸಿಯೋ:

ಅಕ್ಕಾ, ಖಂಡಿತ ಮಾಡಬಹುದು. ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವವಳು, ಇಂಥವರನ್ನೇ ದಿನಾ ನೋಡುತ್ತೇನೆ. ಎಲ್ಲರೂ ಮೊದಲು ಬಚ್ಚಲಿಗೆ ಹಿಡಿಕೆ ಹಾಕಿಸಲು ಓಡುತ್ತಾರೆ. ಹಾಕಿಸಿ, ಬೇಕು. ಆದರೆ ನೀವು ಬರೆದಿದ್ದರಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಮೂರೂವರೆ ತಾಸು ಏಳೋಕೆ ಆಗಲಿಲ್ಲ ಅನ್ನೋದು. ಮೂಳೆ ಮುರಿದಿರಲಿಲ್ಲ, ಆದರೂ ಆಗಲಿಲ್ಲ. ಅಂದರೆ ತೊಡೆಯಲ್ಲಿ ಶಕ್ತಿ ಇಳಿದಿದೆ, ಮತ್ತೆ ನೆಲದಿಂದ ಏಳುವ ದಾರಿ ಮರೆತಿದೆ. ಎರಡನ್ನೂ ಈ ವಯಸ್ಸಿನಲ್ಲೂ ಕಲಿಸಬಹುದು.

ಮೊದಲು ಒಂದು ಪರೀಕ್ಷೆ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಬೇಕು. 75ರಿಂದ 79ರ ಹೆಂಗಸರಿಗೆ 10ಕ್ಕಿಂತ ಕಡಿಮೆ ಆದರೆ ಬೀಳುವ ಅಪಾಯ ಜಾಸ್ತಿ ಅಂತ ನಾವು ಲೆಕ್ಕ ಹಿಡಿಯುತ್ತೇವೆ. ಕೈ ಊರದೆ ಏಳೋಕೇ ಆಗದಿದ್ದರೆ ಅದನ್ನು ಸೊನ್ನೆ ಅಂತ ಬರೆದಿಡಿ. ಬೇಜಾರು ಬೇಡ, ಅಲ್ಲಿಂದ ಶುರು ಮಾಡೋಣ.

ಅಭ್ಯಾಸಕ್ಕೆ ಬೇರೆ ಏನೂ ಬೇಡ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು ಹತ್ತು ಸಲ. ಕುರ್ಚಿಯಿಂದ ಎದ್ದು ಕೂರೋದು, ಮೊದಲು ಐದು, ಆಮೇಲೆ ಹತ್ತು. ಕಟ್ಟೆ ಹಿಡಿದೇ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಎಣಿಸೋವರೆಗೆ ನಿಲ್ಲೋದು. ಹಾಲು ಕಾಯುವ ಹೊತ್ತಿಗೆ ಮಾಡಲಿ, ಬೇರೆ ಟೈಮು ಹುಡುಕಬೇಕಿಲ್ಲ. ನ್ಯೂಜಿಲೆಂಡಿನಲ್ಲಿ ಒಟಾಗೋ ಅಂತ ಒಂದು ಕ್ರಮ ಮಾಡಿದ್ದಾರೆ. ಮನೆಯಲ್ಲೇ ಮಾಡುವ ಕಾಲಿನ ಶಕ್ತಿ ಮತ್ತು ಸಮತೋಲನದ ವ್ಯಾಯಾಮ. ಅದರಿಂದ ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗಿದ್ದು ಕಂಡುಬಂತು. ವಾರಕ್ಕೆ ಮೂರು ದಿನ ಬಿಡದೆ ಮಾಡಬೇಕು. ಸುಮ್ನೆ ಅಂಗಳದಲ್ಲಿ ಓಡಾಡಿದರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಸಾಲದು.

ಇನ್ನು ಬಿದ್ದಾಗ ಏಳೋದು. ಇದನ್ನು ಹಗಲು ಹೊತ್ತು, ಜಮಖಾನ ಹಾಸಿ, ನೀವು ಜೊತೆಗಿದ್ದು ಮಾಡಿಸಿ. ಬಿದ್ದ ತಕ್ಷಣ ಏಳೋಕೆ ಹೋಗಬಾರದು. ಕೈಕಾಲು ಆಡಿಸಿ ನೋಡಬೇಕು. ಸೊಂಟದಲ್ಲಿ ಸಹಿಸೋಕಾಗದ ನೋವಿದ್ದರೆ ಅಲ್ಲಾಡದೆ ಫೋನ್ ಮಾಡಬೇಕು. ಇಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬರಬೇಕು. ಹಾಗೇ ಹತ್ತಿರದ ಕುರ್ಚಿ ಅಥವಾ ಮಂಚದವರೆಗೆ ಹೋಗಿ, ಎರಡೂ ಕೈ ಅದರ ಮೇಲೆ ಇಟ್ಟು, ಗಟ್ಟಿ ಇರುವ ಕಾಲಿನ ಪಾದ ಮುಂದಕ್ಕೆ ಊರಿ, ಕೈ ಒತ್ತಿ ಎದ್ದು, ತಿರುಗಿ ಕೂತುಬಿಡಬೇಕು. ಕೂತು ಐದು ನಿಮಿಷ ಸುಧಾರಿಸಿಕೊಳ್ಳಬೇಕು. ನನ್ನ ಪೇಶಂಟ್ ಒಬ್ಬರು, 81 ವರ್ಷ, ಇದನ್ನು ಆರು ಸಲ ಅಭ್ಯಾಸ ಮಾಡಿದಮೇಲೆ "ಈಗ ಬಿದ್ದರೂ ಹೆದರಿಕಿ ಇಲ್ಲವ್ವಾ" ಅಂದರು. ಆ ಹೆದರಿಕೆ ಹೋಗೋದೇ ದೊಡ್ಡದು, ಹೆದರಿ ಕೂತಲ್ಲೇ ಕೂತರೆ ಕಾಲು ಇನ್ನೂ ಸೋಲುತ್ತೆ. ಮೊಣಕಾಲು ಊರೋಕೇ ಆಗದಷ್ಟು ಸಂಧಿ ನೋವಿದ್ದರೆ ಮಾತ್ರ ಹತ್ತಿರದ ಫಿಸಿಯೋ ಒಬ್ಬರನ್ನು ಕರೆಸಿ.


ಮೆಡಿಕಲ್ ಶಾಪ್ ರಾಯರು:

ಫಿಸಿಯೋ ತಂಗಿ ಹೇಳಿದ್ದು ಸರಿ. ನಾನು ಮಾತ್ರೆ ಬಗ್ಗೆ ಹೇಳುತ್ತೇನೆ, 30 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ.

ರಾತ್ರಿ ಎರಡು ಗಂಟೆಗೆ ಯಾಕೆ ಎದ್ದರು? ಆ ನೀರು ಹೋಗಿಸುವ ಮಾತ್ರೆಯನ್ನು ಯಾವಾಗ ನುಂಗುತ್ತಾರೆ ಕೇಳಿ. ರಾತ್ರಿ ಊಟ ಆದಮೇಲೆ ಅಂದರೆ ಕಾರಣ ಅಲ್ಲೇ ಇರಬಹುದು. ಸಾಮಾನ್ಯವಾಗಿ ಅದನ್ನು ಬೆಳಿಗ್ಗೆ ಕೊಡುತ್ತಾರೆ. ನೀವಾಗಿ ಬದಲಾಯಿಸಬೇಡಿ, ಡಾಕ್ಟರನ್ನು ಕೇಳಿ ಬದಲಾಯಿಸಿ. ಅದರ ಮೇಲೆ ನಿದ್ದೆ ಮಾತ್ರೆ ಬೇರೆ. ಮೂತ್ರಕ್ಕೆ ಏಳಲೇಬೇಕು, ತಲೆ ಮಂಪರಿನಲ್ಲಿದೆ, ಕತ್ತಲು, ಎದುರಿಗೆ ಎತ್ತರದ ಹೊಸ್ತಿಲು. ನಿದ್ದೆ ಮಾತ್ರೆ ವಯಸ್ಸಾದವರನ್ನು ಬೀಳಿಸುವ ದೊಡ್ಡ ಕಾರಣಗಳಲ್ಲಿ ಒಂದು. ಆದರೆ ದಿನಾ ತಗೊಳ್ಳುವ ಅಭ್ಯಾಸ ಆಗಿದ್ದರೆ ಒಂದೇ ಸಲ ನಿಲ್ಲಿಸಬಾರದು, ಡಾಕ್ಟರ್ ಸ್ವಲ್ಪ ಸ್ವಲ್ಪ ಇಳಿಸಿ ಬಿಡಿಸುತ್ತಾರೆ.

ಬಿಪಿಯನ್ನು ಮಲಗಿಸಿ ಒಂದು ಸಲ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಂದು ಸಲ ನೋಡಲು ಹೇಳಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ನಿಂತಾಗ ತಲೆ ಸುತ್ತುವುದು ಅದಕ್ಕೇ. ಕೂತಾಗ ಬಿಪಿ ಚೆನ್ನಾಗಿದೆ ಅಂತ ಎಷ್ಟೋ ಜನರನ್ನು ಕಳಿಸಿಬಿಡುತ್ತಾರೆ. ಹಾಸಿಗೆಯಿಂದ ಏಳುವಾಗ ಮೊದಲು ಕೂತು, ಪಾದ ಹತ್ತಿಪ್ಪತ್ತು ಸಲ ಆಡಿಸಿ, ಒಂದು ನಿಮಿಷ ಬಿಟ್ಟು ನಿಲ್ಲಲಿ.

ಇನ್ನೊಂದು. ಸಸ್ಯಾಹಾರಿನಾ? ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಕಡಿಮೆಯಾಗುತ್ತೆ, ಸಸ್ಯಾಹಾರಿ ಆದರೆ ಇನ್ನೂ ಜಾಸ್ತಿ. ಪಾದ ಜುಮ್ಮೆನ್ನುತ್ತೆ, ನೆಲ ಸರಿಯಾಗಿ ತಿಳಿಯಲ್ಲ, ನಡಿಗೆ ತಪ್ಪುತ್ತೆ, ಮರೆವು ಕೂಡ ಬರಬಹುದು. ರಕ್ತ ಪರೀಕ್ಷೆಯಲ್ಲಿ ಅದರ ಜೊತೆ ಸೋಡಿಯಂ ಕೂಡ ಬರೆಸಿ. ನೀರಿನ ಮಾತ್ರೆ ತಗೊಳ್ಳುವವರಲ್ಲಿ ಅದು ಇಳಿದು ಸುಸ್ತು, ಗಲಿಬಿಲಿ ಆಗುವುದನ್ನು ತುಂಬಾ ನೋಡಿದ್ದೇನೆ.


ಮಲೆನಾಡ ಮಗಳು:

ರಾಯರೇ, ಈಗಷ್ಟೇ ಫೋನ್ ಮಾಡಿ ಕೇಳಿದೆ. ನೀರಿನ ಮಾತ್ರೆ ರಾತ್ರಿನೇ ತಗೋತಾಳೆ! ಬೆಳಿಗ್ಗೆ ಮರೆಯುತ್ತೆ ಅಂತ ಎಲ್ಲವನ್ನೂ ರಾತ್ರಿ ಒಟ್ಟಿಗೆ ನುಂಗುತ್ತಾಳಂತೆ. ನಾಲ್ಕು ವರ್ಷದಲ್ಲಿ ನಾನು ಇದನ್ನು ಒಂದು ಸಲವೂ ಕೇಳಿರಲಿಲ್ಲ.


ಮೈಸೂರಿನ ಅಜ್ಜ:

ಮಗಳೇ, ನನಗೆ 79. ಹೆಂಡತಿ ಇಲ್ಲ. ಒಬ್ಬನೇ ಇದ್ದೇನೆ. ಮಗ ಸೊಸೆ ಹೊರದೇಶದಲ್ಲಿ. ನಿನ್ನ ಅಮ್ಮನ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಹೇಳಿದರೆ ಕರಕೊಂಡು ಹೋಗ್ತೀರಿ ಅಂದಳಲ್ಲ, ಅದು ನನ್ನ ಎದೆಗೆ ನಾಟಿತು. ಹೋದ ವರ್ಷ ನಾನೂ ಜಾರಿ ಬಿದ್ದಿದ್ದೆ, ಮಗನಿಗೆ ಹೇಳಲಿಲ್ಲ. ಕಾರಣ ಇದೇ. ಆದ್ದರಿಂದ ಮೊದಲು ಅವಳಿಗೆ ಒಂದು ಮಾತು ಕೊಡಿ: ಬಿದ್ದೆ ಅಂತ ಹೇಳಿದ ಮಾತ್ರಕ್ಕೆ ಮನೆ ಬಿಡಿಸಲ್ಲ, ಕೂತು ಮಾತಾಡೋಣ ಅಂತ. ಅಣ್ಣನಿಂದಲೂ ಹೇಳಿಸು. ಆಮೇಲೆ ನೋಡು, ತಾನಾಗಿ ಹೇಳುತ್ತಾಳೆ.

ಏನೇ ತಂದು ಹಾಕುವ ಮೊದಲೂ ಕೇಳಿ. ನನ್ನ ಮಗ ಪ್ರೀತಿಯಿಂದಲೇ ನಡುಮನೆಯಲ್ಲಿ ಕ್ಯಾಮೆರಾ ಹಾಕಿಸಿ ಹೋದ. ಎರಡು ತಿಂಗಳು ನಾನು ಅಂಗಿ ಹಾಕದೆ ಸೆಕೆಯಲ್ಲಿ ಕೂರಲೂ ಹಿಂಜರಿದೆ. ಕೊನೆಗೆ ಹೇಳಿದೆ, ಪಾಪ ತೆಗೆಸಿದ. ಈಗ ಬೇರೆ ಏರ್ಪಾಡು ಇದೆ. ಬೆಳಿಗ್ಗೆ ಏಳಕ್ಕೆ ಮುಂಬಾಗಿಲು ತೆಗೆದು ಪೇಪರ್ ಒಳಗೆ ತಗೊಳ್ಳುತ್ತೇನೆ. ಏಳೂವರೆಗೂ ಪೇಪರ್ ಹೊರಗೇ ಬಿದ್ದಿದ್ದರೆ ಎದುರು ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಅವರ ಹತ್ತಿರ ಒಂದು ಬೀಗದ ಕೈ ಇದೆ. ನಿಮ್ಮ ಪಕ್ಕದ ಮನೆಯವರು ದಿನಾ ಹಾಲು ಒಯ್ಯುತ್ತಾರಲ್ಲ, ಇದೇ ಏರ್ಪಾಡು ಅವರ ಜೊತೆ ಮಾಡಿಕೊಳ್ಳಿ. ಆ ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯುವ ಹಾಗೆ ಇರಲಿ.

ಊಟ ಗಮನಿಸು. ಒಬ್ಬರಿಗೇ ಅಂತ ಅಡುಗೆ ಮಾಡೋಕೆ ಮನಸ್ಸು ಬರಲ್ಲ. ನಾನು ಆರು ತಿಂಗಳು ಅನ್ನ ಮಜ್ಜಿಗೆಯಲ್ಲೇ ಕಳೆದು ಪ್ಯಾಂಟು ಜಾರುವಷ್ಟು ಇಳಿದಿದ್ದೆ. ಡಾಕ್ಟರ್ ಹೇಳಿದ್ದು, 50 ಕೆಜಿ ತೂಕ ಇದ್ದರೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು ಅಂತ. ಕಿಡ್ನಿ ತೊಂದರೆ ಇದ್ದವರಿಗೆ ಲೆಕ್ಕ ಬೇರೆ. ಈಗ ಬೆಳಿಗ್ಗೆ ಮೊಳಕೆ ಹೆಸರುಕಾಳು ಬೇಯಿಸಿದ್ದು, ಮಧ್ಯಾಹ್ನ ಗಟ್ಟಿ ತೊವ್ವೆ, ಎರಡು ಹೊತ್ತು ಮೊಸರು, ಸಂಜೆ ಹುರಿಗಡಲೆ.

ಪೆನ್ಷನ್ ಬರುತ್ತಿದ್ದರೆ ನವೆಂಬರಿನಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಬೇಡಿ. ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇವೆ ಅನ್ನೋ ಸರ್ಟಿಫಿಕೇಟು, ಮೊಬೈಲಿನಲ್ಲಿ ಮುಖ ತೋರಿಸಿಯೇ ಆಗುತ್ತೆ, ಪೋಸ್ಟ್‌ಮ್ಯಾನ್ ಕೂಡ ಮನೆಗೆ ಬಂದು ಮಾಡಿಕೊಡುತ್ತಾರೆ. ಪೊಲೀಸು, ಅರೆಸ್ಟು ಅಂತ ವಿಡಿಯೋ ಕಾಲ್ ಬಂದರೆ ಕಟ್ ಮಾಡಲು ಹೇಳಿ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಹಿರಿಯರ ಸಹಾಯವಾಣಿ 14567. ಈ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಗೋಡೆಯ ಮೇಲೆ ಕೂತು ಓದುವ ಎತ್ತರಕ್ಕೆ ಅಂಟಿಸು.


ಕೊಪ್ಪದ ಗುತ್ತಿಗೆದಾರ:

ನಾನು ಮನೆ ರಿಪೇರಿ ಕೆಲಸ ಮಾಡಿಸುವವನು. ಹಳೇ ಮನೆ ಅಂದಿರಿ, ಮಣ್ಣಿನ ಗೋಡೆ ಆದರೆ ಹಿಡಿಕೆಯ ಸ್ಕ್ರೂ ನಿಲ್ಲಲ್ಲ. ಭಾರ ಬಿದ್ದ ದಿನವೇ ಕಿತ್ತು ಬರುತ್ತೆ. ನೆಲದಲ್ಲಿ ಕಾಂಕ್ರೀಟ್ ಹಾಕಿ ಜಿಐ ಪೈಪು ನಿಲ್ಲಿಸಿ. ರಬ್ಬರ್ ಕಪ್ಪಿನಿಂದ ಅಂಟಿಸುವ ಹಿಡಿಕೆ ನಂಬಬೇಡಿ. ಅಮ್ಮನನ್ನು ಅಲ್ಲೇ ಕೂರಿಸಿ, ಏಳುವಾಗ ಕೈ ಎಲ್ಲಿಗೆ ಹೋಗುತ್ತೆ ನೋಡಿ ಗುರುತು ಹಾಕಿ, ಪೈಪು ಅಲ್ಲೇ ಬರಬೇಕು. ಹೆಚ್ಚಿನವರ ಕೈ ನಲ್ಲಿಗೇ ಹೋಗಿರುತ್ತೆ, ನಲ್ಲಿ ಅಲ್ಲಾಡ್ತಾ ಇದ್ದರೆ ಅರ್ಥ ಮಾಡಿಕೊಳ್ಳಿ.

ಹೊಸ್ತಿಲು ಒಡೆಸುವುದು ಬೇಡ, ಅಮ್ಮನಿಗೆ ನೋವಾಗುತ್ತೆ. ಅಂಚಿಗೆ ಎರಡಿಂಚು ಹಳದಿ ಪೇಂಟ್ ಬಳಿಸಿ, ಪಕ್ಕದ ದಾರಂದಕ್ಕೆ ಒಂದು ಹಿಡಿ ಹಾಕಿಸಿ. ಮರ ಆದ್ದರಿಂದ ಗಟ್ಟಿ ನಿಲ್ಲುತ್ತೆ. ಹಾಸಿಗೆಯಿಂದ ಬಚ್ಚಲುವರೆಗೆ ಬ್ಯಾಟರಿಯ ಸೆನ್ಸರ್ ಲೈಟು ಮೂರು ಹಚ್ಚಿ, ಕರೆಂಟ್ ಹೋದರೂ ಹತ್ತುತ್ತೆ. ಇನ್ನೂ ಒಳ್ಳೆಯದೆಂದರೆ ರಾತ್ರಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ.

ಮಳೆಗಾಲದ ಅಂಗಳ ಮರೆಯಬೇಡಿ. ಪಾಚಿ ಹಿಡಿದರೆ ನಮ್ಮಂಥವರೇ ಜಾರುತ್ತೇವೆ. ನಡೆಯೋಕೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಕಿದ್ದರೆ ಅದರ ಮೇಲೂ ಪಾಚಿ ಬರುತ್ತೆ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ತುಳಸಿಕಟ್ಟೆಗೆ ಹೋಗುವ ದಾರಿಗೆ ಮೊದಲು.


ಜಯನಗರ ವಾಸಿ:

ಎಲ್ಲರೂ ಊರಲ್ಲೇ ಇರಲಿ ಅಂತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಮ್ಮ ತಂದೆಯನ್ನೂ ಹೀಗೇ ಊರಲ್ಲಿ ಬಿಟ್ಟಿದ್ದೆವು. ಬಿದ್ದಿದ್ದಕ್ಕೆ ಲೈಟು, ಹಿಡಿಕೆ ಎಲ್ಲಾ ಹಾಕಿಸಿದೆವು. ಆದರೆ ಅವರು ಸ್ಟವ್ ಹಚ್ಚಿ ಮರೆಯುತ್ತಿದ್ದರು, ಒಂದೇ ಮಾತ್ರೆ ಎರಡು ಸಲ ನುಂಗುತ್ತಿದ್ದರು. ನಾವು ವಯಸ್ಸು ಅಂತ ಬಿಟ್ಟೆವು. ಒಂದು ದಿನ ಸಂತೆಯಿಂದ ಮನೆಗೆ ದಾರಿ ಸಿಗದೆ ಸಂಜೆವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದರು. ಆಮೇಲೆ ಗೊತ್ತಾಯಿತು, ಮರೆವಿನ ಕಾಯಿಲೆ ಎರಡು ವರ್ಷದಿಂದ ಇತ್ತು. ಆ ಎರಡು ವರ್ಷ ನಮ್ಮ ಕೈ ತಪ್ಪಿ ಹೋಯಿತು ಅಂತ ಇವತ್ತಿಗೂ ಸಂಕಟ ಆಗುತ್ತೆ.

ಬೆಳಿಗ್ಗೆ ಮರೆಯುತ್ತೆ ಅಂತ ನಿಮ್ಮ ಅಮ್ಮ ಹೇಳಿದರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಸುಮ್ನೆ ಮರೆವೇ ಇರಬಹುದು, ಬಿ12 ಇರಬಹುದು. ಒಂದು ವಾರ ಜೊತೆಗಿದ್ದು ನೋಡಿ. ಪಾತ್ರೆ ಸೀದಿದೆಯಾ, ಫ್ರಿಜ್ಜಿನಲ್ಲಿ ಹಳಸಿದ್ದು ಇದೆಯಾ, ಕರೆಂಟ್ ಬಿಲ್ ಕಟ್ಟಿದ್ದಾರಾ. ಅನುಮಾನ ಬಂದರೆ ತೋರಿಸಿ, ನಿಮ್ಹಾನ್ಸಿನಲ್ಲಿ ವಯಸ್ಸಾದವರಿಗೇ ಬೇರೆ ಕ್ಲಿನಿಕ್ ಇದೆ. ಅದೆಲ್ಲಾ ಸರಿ ಇದ್ದರೆ ಊರಲ್ಲೇ ಇರಲಿ, ನನ್ನದೂ ಒಪ್ಪಿಗೆ.


ಮಲೆನಾಡ ಮಗಳು:

ಹನ್ನೆರಡು ದಿನ ಆಯ್ತು, ಊರಿಂದಲೇ ಬರೆಯುತ್ತಿದ್ದೇನೆ. ಅಣ್ಣನೂ ನಾಲ್ಕು ದಿನ ಬಂದಿದ್ದ.

ನೀರಿನ ಮಾತ್ರೆಯನ್ನು ಡಾಕ್ಟರ್ ಬೆಳಿಗ್ಗೆಗೆ ಹಾಕಿದರು. ಈಗ ರಾತ್ರಿ ಒಂದೇ ಸಲ ಏಳುತ್ತಾಳೆ. ಮೊದಲು ಮೂರು ಸಲ ಏಳುತ್ತಿದ್ದಳಂತೆ. ನಿಂತಾಗ ಬಿಪಿ 24 ಇಳಿಯಿತು, ಇನ್ನೊಂದು ಮಾತ್ರೆಯ ಡೋಸ್ ಕಡಿಮೆ ಮಾಡಿದ್ದಾರೆ. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಗಿದೆ. ಜಯನಗರದ ಅಣ್ಣಾ, ನೀವು ಹೇಳಿದ್ದೆಲ್ಲಾ ನೋಡಿದೆ. ಪಾತ್ರೆ ಸೀದಿಲ್ಲ, ಬಿಲ್ಲುಗಳೆಲ್ಲಾ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಾಳೆ. ಆದರೂ ಮೂರು ತಿಂಗಳು ಬಿಟ್ಟು ತೋರಿಸುತ್ತೇನೆ.

ಕುರ್ಚಿ ಪರೀಕ್ಷೆಯಲ್ಲಿ ಆರು ಬಂತು. ನೆಲದಿಂದ ಏಳೋದನ್ನು ಚಾವಡಿಯಲ್ಲಿ ಜಮಖಾನ ಹಾಸಿ ಮಾಡಿಸಿದೆ. ಮೊದಲ ದಿನ ಅಂಬೆಗಾಲಿಗೆ ಬಂದು ಅಲ್ಲೇ ನಿಂತುಬಿಟ್ಟಳು, ಕಣ್ಣಲ್ಲಿ ನೀರು. ನಾನೂ ಪಕ್ಕದಲ್ಲೇ ಅಂಬೆಗಾಲಿಟ್ಟು ಕುರ್ಚಿಯವರೆಗೆ ಹೋದೆ. ನಿನ್ನೆ ಒಬ್ಬಳೇ ಎದ್ದು ಕೂತಳು.

ಮೊಬೈಲಿಗೆ ಹಳೇ ರವಿಕೆ ಬಟ್ಟೆಯಲ್ಲಿ ಚೀಲ ಹೊಲಿದುಕೊಂಡಿದ್ದಾಳೆ, ಕೊರಳಲ್ಲಿ ಹಾಕ್ಕೊಂಡೇ ಇರುತ್ತಾಳೆ. 2 ಒತ್ತಿ ಹಿಡಿದರೆ ಪಕ್ಕದ ಮನೆ, 3 ಒತ್ತಿದರೆ ನಾನು. ಮಳೆಯಲ್ಲಿ ನೆಟ್‌ವರ್ಕ್ ಹೋಗುತ್ತೆ ಅಂತ ಅದೇ ಚೀಲಕ್ಕೆ ಒಂದು ಸೀಟಿ ಕೂಡ ಹಾಕಿದೆ. ಪೈಪು ಹಾಕೋರು ಸೋಮವಾರ ಬರುತ್ತಾರೆ. ಎಲ್ಲಿ ಬೇಕು ಅಂತ ಅಮ್ಮನೇ ಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದಾಳೆ.

ಅಜ್ಜಾ, ನೀವು ಹೇಳಿದ ಮಾತು ಕೊಟ್ಟೆವು, ಅಣ್ಣನೂ ಕೊಟ್ಟ. ಅವತ್ತು ರಾತ್ರಿ ಊಟ ಮಾಡುತ್ತಾ, ಹೋದ ದೀಪಾವಳಿ ಹೊತ್ತಿಗೂ ಒಂದು ಸಲ ಬಿದ್ದಿದ್ದೆ ಅಂದಳು.