ಸಹಾಯ ಬೇಕು: ರೋಮಿನಲ್ಲಿ ಅಕ್ಕನ ಪಾಸ್‌ಪೋರ್ಟ್ ಕಳುವಾಗಿದೆ

ಎಲ್ಲರಿಗೂ ನಮಸ್ಕಾರ. ಅಕ್ಕ, ಭಾವನ ಜೊತೆ ರೋಮಿಗೆ ಬಂದಿದ್ದೇನೆ. ಟೆರ್ಮಿನಿ ಸ್ಟೇಷನ್ನಿನಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸಿನಲ್ಲಿ ವಿಪರೀತ ರಶ್. ಒಬ್ಬಳು ತೋಳಿನ ಮೇಲೆ ಜಾಕೆಟ್ ಹಾಕಿಕೊಂಡು ಅಕ್ಕನಿಗೆ ಒತ್ತಿಕೊಂಡೇ ನಿಂತಿದ್ದಳು. ಇಳಿದು ನೋಡಿದರೆ ಬ್ಯಾಗಿನ ಜಿಪ್ ತೆರೆದಿತ್ತು. ಪಾಸ್‌ಪೋರ್ಟ್, ಕಾರ್ಡ್ ಇದ್ದ ಪೌಚ್ ಮಾಯ. ಚಟ್ನಿಪುಡಿ ಡಬ್ಬಿ ಮಾತ್ರ ಹಾಗೇ ಇದೆ!

ಕಾರ್ಡ್ ಬ್ಲಾಕ್ ಮಾಡಿಸಿದ್ದೇವೆ. ಪೊಲೀಸರ ಹತ್ತಿರ ದೂರು ಬರೆಸಿ ಸೀಲ್ ಹಾಕಿದ ಪ್ರತಿ ತಗೊಂಡಿದ್ದೇವೆ. ಪಾಸ್‌ಪೋರ್ಟ್, ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಎರಡರದ್ದೂ ಫೋಟೋ ಮೊಬೈಲಿನಲ್ಲಿದೆ. ಸೋಮವಾರ ನಮ್ಮ ರಾಯಭಾರ ಕಚೇರಿ ತೆರೆದ ಕೂಡಲೇ ಹೋಗುತ್ತೇವೆ.

ಗೊಂದಲ ಇರುವುದು ಮುಂದಿನದ್ದರಲ್ಲಿ. ಕಳೆದ ಪಾಸ್‌ಪೋರ್ಟ್ ಬದಲು ರಾಯಭಾರ ಕಚೇರಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಒಂದು ಸಲ ವಾಪಸ್ ಹೋಗುವುದಕ್ಕೆ ಮಾತ್ರ. ಆದರೆ ನಮ್ಮ ಬೆಂಗಳೂರಿನ ಟಿಕೆಟ್ ಇರುವುದು ಪ್ಯಾರಿಸ್‌ನಿಂದ. ಅದೂ ಷೆಂಗೆನ್ ಒಳಗೇ ಅಲ್ವಾ, ಏನೂ ಆಗಲ್ಲ ಅಂತಾರೆ ಭಾವ. ಏರ್‌ಲೈನ್‌ನವರು ಹತ್ತಿಸಿಕೊಳ್ಳದಿದ್ದರೆ ಅಂತ ನನಗೆ ಭಯ.

ಯಾರಾದರೂ ಎಮರ್ಜೆನ್ಸಿ ಸರ್ಟಿಫಿಕೇಟ್ ಇಟ್ಟುಕೊಂಡು ಇಟಲಿಯಿಂದ ಪ್ಯಾರಿಸ್‌ಗೆ ಹೋಗಿ, ಅಲ್ಲಿಂದ ಊರಿಗೆ ಬಂದಿದ್ದೀರಾ? ಅಥವಾ ಅಕ್ಕನ ಟಿಕೆಟ್ ರೋಮಿನಿಂದಲೇ ನೇರ ಹೊರಡುವ ಹಾಗೆ ಬದಲಾಯಿಸಲೇಬೇಕಾ?